ಆಯಿ, ಓಟಿಪಿ ಹೇಳ್ರಿ

ನಮ್ಮೂರ ಸರ್ಕಾರಿ ಶಾಲೆ ಗೆದ್ದುಬಿಟ್ಟಿತು. ಕೊನೆಯವರೆಗೂ ಪೈಪೋಟಿ ಕೊಟ್ಟದ್ದು ಹಾವೇರಿ ಜಿಲ್ಲೆಯ ಒಂದು ಶಾಲೆ. ಅಲ್ಲೂ ಮಳೆಗಾಲಕ್ಕೆ ಛತ್ತು ಸೋರುತ್ತದಂತೆ. ಸೋರುವ ಎರಡು ಶಾಲೆಗಳ ನಡುವೆ 21 ದಿನ ನಡೆದ ಯುದ್ಧದಲ್ಲಿ ನಮ್ಮದು ಮುನ್ನೂರು ಚಿಲ್ಲರೆ ಓಟಿನ ಲೀಡು. ಬಹುಮಾನ, 75 ಇಂಚಿನ ಸ್ಮಾರ್ಟ್ ಬೋರ್ಡು.

ಆಟ ಬಹಳ ಸರಳ. ಕಂಪನಿಯೊಂದು ಹತ್ತು ಬಡ ಶಾಲೆಗಳನ್ನು ಆರಿಸಿ ಮೊಬೈಲಿನಲ್ಲಿ ಫೋಟೋ ಬಿಡುತ್ತದೆ. ಬೋರ್ಡು ಯಾರಿಗೆ ಅನ್ನುವುದನ್ನು ಜನ ಓಟು ಹಾಕಿ ಹೇಳಬೇಕು. ಒಂದು ನಂಬರಿಗೆ ಒಂದು ಓಟು, ಖಾತ್ರಿಗೆ ಓಟಿಪಿ. ಹತ್ತರಲ್ಲಿ ಯಾವ ಶಾಲೆಗೆ ಗರಜು ಹೆಚ್ಚು ಅಂತ ಯಾರೂ ನೋಡುವುದಿಲ್ಲ. ಯಾವ ಊರಿಗೆ ಬೀಗರು ಹೆಚ್ಚು ಅನ್ನುವುದಷ್ಟೇ ಲೆಕ್ಕ.

ನಮ್ಮ ಹೆಡ್‌ಮಾಸ್ತರರಿಗೆ ಇದೇನು ಹೊಸದಲ್ಲ. ಮತದಾರರ ಪಟ್ಟಿ ನೋಡಿಕೊಳ್ಳುವ ಬಿಎಲ್‌ಓ ಕೆಲಸ, ಗಣತಿ ಕೆಲಸ ಮಾಡಿ ಮಾಡಿ ಯಾವ ಮನೆಯಲ್ಲಿ ಎಷ್ಟು ಮಂದಿ, ಯಾರು ಗೋವಾಕ್ಕೆ ದುಡಿಯಲು ಹೋಗಿದ್ದಾರೆ, ಯಾರು ತೀರಿಕೊಂಡರೂ ಪಟ್ಟಿಯಲ್ಲಿ ಇನ್ನೂ ಗಟ್ಟಿಮುಟ್ಟಾಗಿದ್ದಾರೆ, ಎಲ್ಲಾ ಅವರಿಗೆ ಬಾಯಿಪಾಠ. (ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸಲು ಮಾತ್ರ ಹೊತ್ತು ಸಿಕ್ಕಿಲ್ಲ, ಪಾಪ.) ತೀರಿಕೊಂಡವರ ಸಿಮ್ಮು ಚಾಲೂ ಇದ್ದ ಮನೆಗಳಿಗೆ ಅವರೇ ಖುದ್ದಾಗಿ ಹೋದರು.

ಹೋದ ತಿಂಗಳಷ್ಟೇ ಅದೇ ಶಾಲೆಯಲ್ಲಿ ಸೈಬರ್ ಜಾಗೃತಿ ಕಾರ್ಯಕ್ರಮ ಆಗಿತ್ತು. "ಓಟಿಪಿ ಯಾರಿಗೂ ಹೇಳಬ್ಯಾಡ್ರಿ" ಅಂತ ಮಕ್ಕಳು ಫಲಕ ಹಿಡಿದು ಓಣಿ ಓಣಿ ಕೂಗಿ ಬಂದಿದ್ದವು. ಈಗ ಅದೇ ಮಕ್ಕಳ ಸಾಲು, ಮುಂದೆ ಅದೇ ಮಾಸ್ತರು. ನಮ್ಮ ಓಣಿಯ ಆಯಿ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು.

"ಆಯಿ, ಫೋನಿಗೆ ಆರು ಅಂಕಿ ಬಂದಾವು ನೋಡ್ರಿ. ಅಷ್ಟು ಹೇಳ್ರಿ."

"ಹೇಳಬ್ಯಾಡ್ರಿ ಅಂದವರು ನೀವ ಅಲ್ಲೇನ್ರಿ ಸರ?"

"ಅದು ಕಳ್ಳರಿಗ್ರಿ. ಇದು ಶಾಲಿಗೆ."

"ಕಳ್ಳರೂ ಹಿಂಗ ಚೊಲೋ ಮಾತಾಡಿ ಕೇಳ್ತಾರ ಅಂತನೂ ನೀವ ಹೇಳಿದ್ರಿ" ಅಂದ ಆಯಿ, ಮೊರ ಕೆಳಗಿಟ್ಟು ಫೋನನ್ನೇ ಅವರ ಕೈಗೆ ಕೊಟ್ಟಳು. ಮೊಮ್ಮಗಳು ಅದೇ ಶಾಲೆಯ ನಾಲ್ಕನೆತ್ತೆಯಲ್ಲಿದ್ದಾಳೆ, ಏನು ಮಾಡುವುದು?

ಆಮೇಲೆ ಊರು ಊರಾಗಿ ಉಳಿಯಲಿಲ್ಲ. ಮದುವೆ ಮಂಟಪದಲ್ಲಿ ಅಕ್ಷತೆಗೆ ಮೊದಲು ಮೈಕಿನಲ್ಲಿ ಲಿಂಕು ಹೇಳಿದರು. ಓಟು ಹಾಕಿದ ಮೆಸೇಜು ತೋರಿಸಿದವರಿಗೆ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಗಿರ್ಮಿಟ್ಟಿನ ಜೊತೆ ಒಂದು ಮಿರ್ಚಿ ಪುಕ್ಕಟೆ. ಹುಬ್ಬಳ್ಳಿಯಲ್ಲಿರುವ ನಮ್ಮಂಥವರಿಗೂ ಬಿಡುವಿರಲಿಲ್ಲ. ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮು 1,507 ಮೀಟರ್ ಉದ್ದ, ಜಗತ್ತಿನಲ್ಲೇ ಉದ್ದನೆಯದು ಅಂತ 2023ರಲ್ಲಿ ಉದ್ಘಾಟನೆಯಾದದ್ದು. ಅದರ ಪ್ರಯೋಜನ ನನಗೆ ತಿಳಿದದ್ದು ಆಗಲೇ. ಈ ತುದಿಯಿಂದ ಆ ತುದಿಗೆ ಒಂದು ಸಲ ನಡೆದರೆ ನಲವತ್ತು ಓಟು. ರೈಲು ತಡವಾದರೆ ಅರವತ್ತು. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಅಷ್ಟು ಗಿಟ್ಟಲಿಲ್ಲ. ಅಲ್ಲಿ ಜನ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಚೀಲ ಹಿಡಿದಿರುತ್ತಾರೆ, ಒತ್ತಲು ಬೆರಳು ಖಾಲಿ ಇರುವುದಿಲ್ಲ.

ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ರೈತರನ್ನು ಸೇರಿಸಿ ಸಹಕಾರ ಸಂಘ ಕಟ್ಟಿದರು. ಏಷ್ಯಾದಲ್ಲೇ ಮೊದಲನೆಯದು ಅಂತ ಇವತ್ತಿಗೂ ನಾವು ಭಾಷಣಕ್ಕೊಮ್ಮೆ ಎದೆ ಉಬ್ಬಿಸುತ್ತೇವೆ. ಆ ಹುಮ್ಮಸ್ಸಿನಲ್ಲಿ ನಾನೂ ಒಂದು ತಪ್ಪು ಮಾಡಿದೆ. ಪ್ರಚಾರ ಸಭೆಯಲ್ಲಿ ಎದ್ದು ನಿಂತು, ಇಷ್ಟು ಓಡಾಡುವ ಬದಲು ಮನೆಗಿಷ್ಟು ರೊಕ್ಕ ಅಂತ ಪಟ್ಟಿ ಹಾಕಿದರೆ ಛತ್ತಿಗೆ ಹೊಸ ತಗಡು ಹೊದಿಸಬಹುದಲ್ಲ ಅಂದೆ. ಶಾಲೆಯ ಉಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯ ಅಧ್ಯಕ್ಷರು ನನ್ನನ್ನು ಕರುಣೆಯಿಂದ ನೋಡಿದರು.

"ತಗಡಿಗೆ ಯಾರ್ರಿ ಓಟ್ ಹಾಕ್ತಾರ?"

ನಿಜವೇ. ತಗಡು ಕಾನೂನಿನ ಬಾಬತ್ತು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಎಲ್ಲಾ ಇದೆ: ಮಳೆ-ಬಿಸಿಲಿಗೆ ಜಗ್ಗದ ಕಟ್ಟಡ, ಶಿಕ್ಷಕರಿಗೊಂದರಂತೆ ಕೋಣೆ, ಗಂಡು-ಹೆಣ್ಣುಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಆಟದ ಬಯಲು. ಅದಕ್ಕೆ ಲಿಂಕಿಲ್ಲ, ಲೀಡಿಲ್ಲ, ರಾತ್ರಿ ಹನ್ನೆರಡಕ್ಕೆ ಎದ್ದು ನಾವೆಷ್ಟನೇ ಸ್ಥಾನ ಅಂತ ನೋಡುವ ಮಜಾನೂ ಇಲ್ಲ. ಕಂಪನಿಯವರ ಕಷ್ಟವೂ ಇಂಥದ್ದೇ. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳಿಗೆ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಸಮಾಜದ ಕೆಲಸಕ್ಕೆ ಹಾಕಿ ಅನ್ನುತ್ತದೆ. ಹೆಂಗೂ ಕೊಡಬೇಕಾದ್ದನ್ನು ಸುಮ್ಮನೆ ಕೊಟ್ಟರೆ ಹತ್ತು ಊರಿನ ಮಾಸ್ತರರು ಬಿಸಿಲಲ್ಲಿ ಕಂಪನಿಯ ಹೆಸರು ಕೂಗುತ್ತಾ ತಿರುಗುತ್ತಾರೆಯೇ? ಒಂದು ಬೋರ್ಡು, ಹತ್ತು ಊರಿನ ಪ್ರಚಾರ. ಒಂಬತ್ತು ಊರಿನದು ಪೂರ್ತಿ ಪುಕ್ಕಟೆ.

ಉದ್ಘಾಟನೆಯ ದಿನ ಹಾವೇರಿಯಿಂದ ಯಾಲಕ್ಕಿ ಹಾರ ತರಿಸಿದ್ದರು. ಸೋತವರ ಜಿಲ್ಲೆಯ ಹಾರ, ಅದರಲ್ಲೂ ಒಂದು ಗತ್ತು. ಗಣ್ಯರಿಗೆ ಒಂದೊಂದು, ಎಲ್ಲಕ್ಕಿಂತ ದೊಡ್ಡದು ಬೋರ್ಡಿಗೆ. ಈ ಬೋರ್ಡುಗಳ ಅಂಚಿನಲ್ಲಿ ಕಣ್ಣಿಗೆ ಕಾಣದ ಕಿರಣಗಳು ಅಡ್ಡ-ಉದ್ದ ಹರಿಯುತ್ತಿರುತ್ತವೆ. ಅಡ್ಡ ಬಂದದ್ದು ಬೆರಳೋ ಯಾಲಕ್ಕಿಯೋ ಅವಕ್ಕೆ ಗೊತ್ತಾಗುವುದಿಲ್ಲ. ಹಾರ ಬಿದ್ದದ್ದೇ ತಡ, ಬೋರ್ಡು ತನ್ನಷ್ಟಕ್ಕೆ ಗೀಚತೊಡಗಿತು. ಫ್ಯಾನಿನ ಗಾಳಿಗೆ ಹಾರ ತೂಗಿದಂತೆಲ್ಲ ಕೆಂಪು ಗೆರೆ, ಹಸಿರು ಗೆರೆ, ಲೆಕ್ಕದ ಪುಟ ಹಾರಿ ಭೂಗೋಳ. "ನೋಡ್ರಿ, ಮಾಸ್ತರು ಇಲ್ಲದ ಪಾಠ ಮಾಡ್ತೈತಿ!" ಅಂತ ಗಣ್ಯರೊಬ್ಬರು ಚಪ್ಪಾಳೆ ಶುರು ಮಾಡಿದರು. ಅತಿಥಿ ಶಿಕ್ಷಕಿ ಒಬ್ಬರು ಮಾತ್ರ ನಗಲಿಲ್ಲ. ಅವರಿಗೆ ಮೂರು ತಿಂಗಳ ಸಂಬಳ ಬಾಕಿ ಇತ್ತು.

ಹಾರ ತೆಗೆದವನು ನಾಲ್ಕನೆತ್ತೆಯ ಹುಡುಗ. ಬೋರ್ಡು ಸುಮ್ಮನಾಯಿತು. ಅದರ ಮೇಲೆ ಯಾರಾದರೂ ಬೇಕೆಂದು ಏನಾದರೂ ಬರೆದದ್ದನ್ನು ನಾನಂತೂ ಈವರೆಗೆ ನೋಡಿಲ್ಲ.

ಈಗ ಅದನ್ನು ಶಾಲೆಯಲ್ಲಿ ಸೋರದೇ ಇರುವ ಒಂದೇ ಕೋಣೆಯಲ್ಲಿ ಇಟ್ಟಿದ್ದಾರೆ. ಬೆಲೆಬಾಳುವ ಸಾಮಾನು, ಮಕ್ಕಳು ಮುಟ್ಟಬಾರದು ಅಂತ ಕೀಲಿ. ಆ ಕೋಣೆಯಲ್ಲಿದ್ದ ನಾಲ್ಕನೆತ್ತೆಯವರು ಪಡಸಾಲೆಗೆ ಬಂದಿದ್ದಾರೆ. ಪಡಸಾಲೆಯ ಗೋಡೆಗೆ ಹಳೆಯ ಕರಿಹಲಗೆ ಆನಿಸಿದ್ದಾರೆ, ಖಡು ಇದೆ, ಮಳೆಯ ಎರಚಲಿಗೆ ಬರೆದದ್ದು ತಾನೇ ಅಳಿಸುವುದರಿಂದ ಡಸ್ಟರಿನ ಖರ್ಚೂ ಉಳಿದಿದೆ.

ಆಯಿಯ ಫೋನು ಮಾತ್ರ ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿರುತ್ತದೆ. ಬೆಳಿಗ್ಗೆ ಒಬ್ಬಳು ಸಾಲ ಬೇಕೇ ಅನ್ನುತ್ತಾಳೆ, ಮಧ್ಯಾಹ್ನ ಒಬ್ಬ ಕ್ರೆಡಿಟ್ ಕಾರ್ಡು ಅನ್ನುತ್ತಾನೆ, ಸಂಜೆ ಹಿಂದಿಯಲ್ಲಿ ಯಾರೋ ಏನೋ ಅನ್ನುತ್ತಾರೆ. ಮೊನ್ನೆ ನಾನು ಕಟ್ಟೆಗೆ ಹೋದಾಗಲೂ ಬಂತು. ಆಯಿ ಜೋಳದ ಧೂಳು ಹತ್ತಿದ ಬೆರಳಲ್ಲೇ ಎತ್ತಿ, ಅತ್ತಲಿಂದ ಮಾತು ಮುಗಿಯುವವರೆಗೂ ಸಮಾಧಾನದಿಂದ ಕೇಳಿ, ಹೇಳಿದಳು:

"ನಂದು ಆವತ್ತ ಹಾಕೇನ್ರಿ. ಒಬ್ಬರಿಗೆ ಒಂದ ಓಟಂತ. ಇಡ್ರಿ ಫೋನು."