ರಾತ್ರೋರಾತ್ರಿ ಅನ್ನೋದು ಒಪ್ಪೋಕಾಗಲ್ಲ

ನಿಮ್ಮ ಲೇಖನದಲ್ಲಿ ನಟ ರಜನಿಕಾಂತ್ ಸಾಮಾನ್ಯ ಕಂಡಕ್ಟರ್ ಆಗಿದ್ದರು, ಆ ಕೆಲಸ ಬಿಟ್ಟರು, ಅದೃಷ್ಟ ಖುಲಾಯಿಸಿ ರಾತ್ರೋರಾತ್ರಿ ಸ್ಟಾರ್ ಆದರು ಅಂತ ಸುಮ್ನೆ ಬರೆದುಬಿಟ್ಟಿದ್ದೀರಿ. ಮದ್ರಾಸಿನ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಕಲಿತ ಮೇಲೂ 1975ರಲ್ಲಿ ನಿರ್ದೇಶಕ ಬಾಲಚಂದರ್ ಕೊಟ್ಟಿದ್ದು ಪುಟ್ಟ ಪಾತ್ರ. ಆಮೇಲೆ ವಿಲನ್ ವೇಷಗಳೇ ಜಾಸ್ತಿ. ತಮಿಳಿನಲ್ಲಿ ಒಬ್ಬರೇ ನಾಯಕರಾಗಲು 1978 ಬರಬೇಕಾಯ್ತು. ಇನ್‌ಸ್ಟಿಟ್ಯೂಟ್‌ನಲ್ಲಿ ಕಲಿಯೋ ದಿನಗಳಲ್ಲಿ ತನ್ನ ಸಂಬಳದಿಂದ ನೆರವಾದ ಬಸ್ ಡ್ರೈವರ್ ಗೆಳೆಯ ರಾಜ್ ಬಹದ್ದೂರ್ ಹೆಸರೇ ನಿಮ್ಮ ಲೇಖನದಲ್ಲಿಲ್ಲ!

ಇನ್ನು ‘ಸಾಮಾನ್ಯ ಕಂಡಕ್ಟರ್’ ಅಂದಿರಲ್ಲ, ಕಾಫಿ ಕೊಯ್ಲಿನ ಸಮಯದಲ್ಲಿ ನಮ್ಮ ಸೋಮವಾರಪೇಟೆ–ಮಡಿಕೇರಿ ಬಸ್ಸು ಹತ್ತಿ ನೋಡಿ. ತಿರುವಿನಲ್ಲೂ ಕಂಬಿ ಹಿಡಿಯದೆ, ಬೆರಳ ಸಂದಿಯಲ್ಲಿ ನೋಟು ಮಡಚಿಟ್ಟುಕೊಂಡು, ತೋಟದ ಕೆಲಸದವರನ್ನು ನಗಿಸುತ್ತಾ ಟಿಕೆಟ್ ಕೊಡುತ್ತಾರೆ. ಜನರನ್ನು ಹಿಡಿದಿಡೋದನ್ನು ರಜನಿ ಬೆಂಗಳೂರಿನ ಬಸ್ಸಲ್ಲೇ ಶುರು ಮಾಡಿರಬೇಕು, ಅಲ್ವಾ?