ಬಾಹ್ಯಾಕಾಶದ ಸ್ಫೋಟ: ನನ್ನ ಸಂದೇಶಕ್ಕೊಂದು ತಿದ್ದುಪಡಿ

ಡೊಂಬಿವಲಿಯ ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ಕಳೆದ ವಾರ ನಾನು ಬರೆದ, ಈಗ ಠಾಣೆ, ಪುಣೆಯ ಗುಂಪುಗಳಲ್ಲೂ ಹರಿದಾಡುತ್ತಿರುವ “ಆಮ್ಲಜನಕವಿಲ್ಲದ ಬಾಹ್ಯಾಕಾಶದಲ್ಲಿ ಬಾಂಬು ಸಿಡಿಯದು, ಆದ್ದರಿಂದ ಉಪಗ್ರಹಗಳಿಗೆ ಅಪಾಯವಿಲ್ಲ” ಎಂಬ ಮಾತು ತಪ್ಪು. ಸಾಮಾನ್ಯ ಸ್ಫೋಟಕಗಳು ತಮಗೆ ಬೇಕಾದ ಆಮ್ಲಜನಕವನ್ನು ತಮ್ಮೊಳಗೇ ಇಟ್ಟುಕೊಂಡಿರುತ್ತವೆ. ಪರಮಾಣು ಬಾಂಬಿಗಂತೂ ಅದರ ಅಗತ್ಯವೇ ಇಲ್ಲ. ಗಾಳಿಯಿಲ್ಲದ ಕಾರಣ ಭೂಮಿಯ ಮೇಲಿನಂತೆ ಆಘಾತದ ಅಲೆ ಏಳುವುದಿಲ್ಲ ಎಂಬಷ್ಟು ಮಾತ್ರ ನಿಜ. ಆದರೆ ಅದೇ ಕಾರಣಕ್ಕೆ, ಪರಮಾಣು ಸ್ಫೋಟದ ಶಕ್ತಿಯ ಬಹುಪಾಲು ಕ್ಷ-ಕಿರಣಗಳಾಗಿ ಹೊರಟು, ತಡೆಯಿಲ್ಲದೆ ಬಹುದೂರ ಸಾಗುತ್ತದೆ. ದೂರ ಇಮ್ಮಡಿಯಾದಾಗ ತೀವ್ರತೆ ಕಾಲುಭಾಗಕ್ಕೆ ಇಳಿಯುತ್ತದೆ, ಅಷ್ಟೇ.

ಇದಕ್ಕೆ ಆಧಾರ ‘ಸ್ಟಾರ್‌ಫಿಶ್ ಪ್ರೈಮ್’ ಪರೀಕ್ಷೆ. 1962ರ ಜುಲೈ 9ರಂದು ಅಮೆರಿಕವು ಪೆಸಿಫಿಕ್ ಸಾಗರದ ಮೇಲೆ ಸುಮಾರು 400 ಕಿ.ಮೀ. ಎತ್ತರದಲ್ಲಿ 1.4 ಮೆಗಾಟನ್ ಸಾಮರ್ಥ್ಯದ ಬಾಂಬನ್ನು ಸಿಡಿಸಿದಾಗ, ಸುಮಾರು 1,400 ಕಿ.ಮೀ. ದೂರದ ಹವಾಯಿಯಲ್ಲಿ ವಿದ್ಯುತ್ಕಾಂತೀಯ ಸ್ಪಂದನದಿಂದ, ಅಂದರೆ ಸ್ಫೋಟದಿಂದ ಹೊಮ್ಮಿದ ವಿದ್ಯುತ್-ಕಾಂತ ಅಲೆಯ ಹಠಾತ್ ಹೊಡೆತದಿಂದ, ಕೆಲವು ಬೀದಿದೀಪಗಳು ಆರಿದವು. ಭೂಮಿಯ ಕಾಂತಕ್ಷೇತ್ರದಲ್ಲಿ ಸಿಲುಕಿಕೊಂಡ ಎಲೆಕ್ಟ್ರಾನುಗಳು ಬ್ರಿಟನ್ನಿನ ಏರಿಯಲ್-1 ಸೇರಿದಂತೆ ಹಲವು ಉಪಗ್ರಹಗಳನ್ನು ಕೆಡಿಸಿದವು. ಸ್ಫೋಟದ ಮರುದಿನ ಹಾರಿದ ಟೆಲ್‌ಸ್ಟಾರ್ ಕೂಡ ಪಾರಾಗಲಿಲ್ಲ.

ಹಳೆಯ ಸಂದೇಶವನ್ನು ಅಳಿಸಿದ್ದೇನೆ. ತಮ್ಮಲ್ಲಿ ಉಳಿದಿದ್ದರೆ ದಯವಿಟ್ಟು ಮುಂದಕ್ಕೆ ಕಳುಹಿಸಬಾರದೆಂದು ವಿನಂತಿ.