ಕಲ್ಲು ಗೀಚಬಾರದು, ಮರೀ

ಭಾನುವಾರ ಬೆಳಿಗ್ಗೆ ಮಕ್ಕಳಿಬ್ಬರನ್ನೂ ಸ್ಕೂಟರಿನ ಹಿಂದೊಂದು ಮುಂದೊಂದು ಕೂರಿಸಿಕೊಂಡು ಲಾಲ್‌ಬಾಗ್‌ಗೆ ಹೋಗಿದ್ದೆ. ಗಾಜಿನ ಮನೆ, ಹೂವಿನ ಗಡಿಯಾರ ಯಾವುದೂ ಅವರಿಗೆ ಬೇಡ. ಸೀದಾ ಬಂಡೆಗುಡ್ಡಕ್ಕೆ ಓಟ. ಗುಡ್ಡದ ನೆತ್ತಿಯಲ್ಲಿ ಕೆಂಪೇಗೌಡರ ಗೋಪುರ. ಊರು ಇಷ್ಟಕ್ಕೆ ನಿಲ್ಲಲಿ ಅಂತ ಗಡಿ ಹಾಕಿದ್ದಂತೆ. ಮಗಳು ನಾಲ್ಕೂ ದಿಕ್ಕಿಗೆ ಕಣ್ಣು ಹಾಯಿಸಿ, "ಅಪ್ಪ, ಊರಿಗೆ ಇದನ್ನ ಯಾರೂ ಹೇಳ್ಲೇ ಇಲ್ವಾ?" ಅಂದಳು.

ಅಷ್ಟರಲ್ಲಿ ಐದು ವರ್ಷದ ಮಗ ಎಲ್ಲಿಂದಲೋ ಬೆಣಚುಕಲ್ಲೊಂದನ್ನು ಹುಡುಕಿ ಬಂಡೆಯ ಮೇಲೆ ಆನೆ ಬರೆಯತೊಡಗಿದ್ದ. ಸೊಂಡಿಲು ಮುಗಿದಿರಲಿಲ್ಲ, ಪೀಂ ಅಂತ ವಿಶಲ್ ಕೇಳಿಸಿತು. ಕಾವಲಿನವರು ಏದುಸಿರು ಬಿಡುತ್ತಾ ಬಂದರು.

"ಗೀಚಬಾರದು ಮರೀ. ಮುನ್ನೂರು ಕೋಟಿ ವರ್ಷದ ಕಲ್ಲು ಕಣೋ ಇದು."

ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ವಯಸ್ಸು ಸುಮಾರು 3000 ದಶಲಕ್ಷ ವರ್ಷ. ಸಮುದ್ರದಲ್ಲಿ ಮೀನೂ ಹುಟ್ಟಿರದ ಕಾಲದ್ದು. ನಾನೂ ಸಭ್ಯ ನಾಗರಿಕನಂತೆ ಮಗನ ಕಿವಿ ಹಿಂಡಿ, ಬಾಟಲಿಯ ನೀರು ಸುರಿದು, ಆನೆಯನ್ನು ಕರ್ಚೀಫಿನಿಂದ ಉಜ್ಜಿ ಅಳಿಸಿದೆ.

ಪಾಪ, ಹುಡುಗನ ತಪ್ಪು ಇಷ್ಟೇ: ಕೈಯಲ್ಲಿ ಡಿಪಿಆರ್, ಅಂದರೆ ಸರ್ಕಾರದ ಸುರಂಗ ರಸ್ತೆಯಂಥ ಯೋಜನೆಯ ವಿವರ ವರದಿ, ಇರಲಿಲ್ಲ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ನೆಲದಡಿಯಲ್ಲಿ ಸುಮಾರು 17 ಕಿ.ಮೀ. ರಸ್ತೆ, 17 ಸಾವಿರ ಕೋಟಿ ರೂಪಾಯಿ ದಾಟಿದ ಅಂದಾಜು, ಅದರದ್ದೊಂದು ಬಾಯಿ ಲಾಲ್‌ಬಾಗಿನ ಮಗ್ಗುಲಲ್ಲಿ ಅಂತ ನಕ್ಷೆ ಹಿಡಿದು ಬಂದಿದ್ದರೆ ಅದು ಗೀಚುವುದಾಗುತ್ತಿರಲಿಲ್ಲ, ಅಭಿವೃದ್ಧಿಯಾಗುತ್ತಿತ್ತು. 2025ರಲ್ಲಿ ಅದಕ್ಕೆ ಲಾಲ್‌ಬಾಗಿನ ಆರು ಎಕರೆ ಬೇಕು ಎಂಬ ಮಾತು ಬಂತು. ಜನ ಗಲಾಟೆ ಎಬ್ಬಿಸಿದ ಮೇಲೆ ಅಷ್ಟೆಲ್ಲ ಬೇಡ ಎಂದಾಯಿತು. ಗಾಂಧಿಬಜಾರಿನಲ್ಲಿ ಸೇವಂತಿಗೆ ಮಾರಿಗೆ ನಮ್ಮಮ್ಮನೂ ಹೀಗೇ ಚೌಕಾಸಿ ಮಾಡುವುದು. ಆದರೆ ಅಮ್ಮ ಕೊನೆಗೆ ಕಾಸು ಕೊಟ್ಟೇ ಹೂವು ತರುತ್ತಾಳೆ.

ಇಳಿಯುವಾಗ ಮಗಳಿಗೆ ಸುರಂಗದ ಕಥೆ ಹೇಳಿದೆ. ಅವಳ ಮುಖ ಅರಳಿತು.

"ಹಾಗಾದ್ರೆ ನಾವೂ ಬೇಗ ಬರ್ಬೋದು!"

"ಇಲ್ಲಮ್ಮ, ಅದರೊಳಗೆ ಸ್ಕೂಟರ್ ಬಿಡಲ್ವಂತೆ. ಆಟೋನೂ ಇಲ್ಲ."

"ಮತ್ತೆ ಯಾರಿಗೆ?"

"ಕಾರಿನವರಿಗೆ. ಟೋಲ್ ಕಟ್ಟಿದ್ರೆ."

"ಅವರಿಗೆ ಆ ಅಂಕಲ್ ವಿಶಲ್ ಊದಲ್ವಾ?"

ನಾನು ಕಡಲೆಕಾಯಿ ಕೊಡಿಸಿ ಮಾತು ಮರೆಸಿದೆ. ಮಿನರ್ವ ಸರ್ಕಲ್ಲಿನ ಸಿಗ್ನಲ್‌ನಲ್ಲಿ ನಿಂತಾಗ, ಮುಂದೆ ನಿಂತಿದ್ದ ಮಗನ ಚಡ್ಡಿ ಜೇಬು ಭಾರವಾಗಿ ಜೋತಿರುವುದು ಕಂಡಿತು. ಕೈ ಹಾಕಿದರೆ ಅದೇ ಬಂಡೆಯ ಚಕ್ಕೆ, ಹೆಬ್ಬೆರಳು ಗಾತ್ರದ್ದು.

"ಏನೋ ಇದು?"

ಅವನು ಹಿಂದಿರುಗಿಯೂ ನೋಡದೆ ಹೇಳಿದ: "ಚೂರೇ ಚೂರು ತಗೊಂಡಿದ್ದು ಅಪ್ಪ. ಮಿಕ್ಕಿದ್ದೆಲ್ಲ ಅಲ್ಲೇ ಇದೆಯಲ್ಲ!"